ಅಮ್ಮನ ಬೂದಿಯಿಂದ ಹುಟ್ಟಿದ ಕಾಮಿಕ್ಸ್

ನಮ್ಮ ಹಾಸ್ಟೆಲ್‌ನಲ್ಲಿ ‘ನರುಟೊ’, ‘ಒನ್ ಪೀಸ್’ ಗೊತ್ತಿಲ್ಲದವರನ್ನು ಹುಡುಕುವುದೇ ಕಷ್ಟ. ಇವೆರಡೂ ಬಂದಿದ್ದು ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ. ಅದೇ ಪತ್ರಿಕೆಯಲ್ಲಿ 1973ರಲ್ಲಿ ‘ಬೇರ್‌ಫುಟ್ ಗೆನ್’ ಶುರುವಾಗಿತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಇದರ ಹೀರೊ ಹಿರೋಶಿಮಾದ ಪುಟ್ಟ ಹುಡುಗ. ಕಥೆಯ ಬಹುಪಾಲು, ಬರೆದ ಕೇಜಿ ನಕಜಾವಾ ಅವರದೇ ಬಾಲ್ಯ.

1945ರ ಆಗಸ್ಟ್ 6ರಂದು ಅವರಿಗೆ ಆರು ವರ್ಷ. ಬಾಂಬ್ ಸಿಡಿದ ಜಾಗಕ್ಕೂ ಅವರ ಶಾಲೆಗೂ ಹೆಚ್ಚುಕಮ್ಮಿ ಒಂದೂಕಾಲು ಕಿಲೋಮೀಟರ್ ಅಷ್ಟೇ. ಶಾಲೆಯ ಗೋಡೆ ಅಡ್ಡವಿದ್ದುದರಿಂದ ಜೀವ ಉಳಿಯಿತು. ಅಪ್ಪ, ಅಕ್ಕ, ತಮ್ಮ ಕುಸಿದ ಮನೆಯಡಿ ಸಿಕ್ಕಿ ಸತ್ತರು. ತುಂಬು ಗರ್ಭಿಣಿ ಅಮ್ಮ ಅದೇ ದಿನ ಹೆಣ್ಣು ಮಗು ಹೆತ್ತರು. ಅದು ಕೆಲವು ತಿಂಗಳಷ್ಟೇ ಬದುಕಿತು. ಪಿಯುಸಿಯಲ್ಲಿ ಫಿಶನ್ ನನ್ನ ಇಷ್ಟದ ಪಾಠ; ಸಮೀಕರಣ ಬರೆದರೆ ಮಾರ್ಕ್ಸ್ ಗ್ಯಾರಂಟಿ. ಅದರಲ್ಲಿ ಈ ಮನೆಯ ಲೆಕ್ಕ ಇರಲಿಲ್ಲ.

ಸೈನ್‌ಬೋರ್ಡ್ ಬರೆಯುತ್ತಿದ್ದ ನಕಜಾವಾ 1961ರಲ್ಲಿ ಕಾಮಿಕ್ಸ್ ಕನಸು ಹೊತ್ತು ಟೋಕಿಯೊಗೆ ಬಂದರು. ಬಾಂಬಿಗೆ ಸಿಕ್ಕವರೆಂದರೆ ಅಲ್ಲಿ ಜನ ದೂರ ಸರಿಯುತ್ತಿದ್ದರು. ಹಾಗಾಗಿ ಬಾಯಿ ಮುಚ್ಚಿಕೊಂಡು ಬೇರೆ ಬೇರೆ ಕಥೆ ಬರೆದರು. 1966ರಲ್ಲಿ ಅಮ್ಮ ತೀರಿಕೊಂಡರು. ನಮ್ಮಲ್ಲಿ ಅಸ್ಥಿ ಆಯುವಂತೆ ಅಲ್ಲೂ ದಹನದ ನಂತರ ಮೂಳೆ ಆಯುತ್ತಾರೆ. ಇವರು ನೋಡಿದರೆ ಬರೀ ಬೂದಿ. ವಿಕಿರಣ ಅಮ್ಮನ ಮೂಳೆಯನ್ನೂ ಬಿಡಲಿಲ್ಲ ಅಂದುಕೊಂಡರು. ವಿಜ್ಞಾನ ಏನೇ ಹೇಳಲಿ, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಡು ವರ್ಷದಲ್ಲಿ ಬಾಂಬಿನ ಬಗ್ಗೆ ಮೊದಲ ಕಾಮಿಕ್ಸ್ ಪ್ರಕಟವಾಯಿತು. 1972ರಲ್ಲಿ ನೇರ ಆತ್ಮಕಥೆಯನ್ನೇ ಬರೆದರು. ಅದರ ಹೆಸರು ‘ನಾನು ಕಂಡೆ’. ಮರುವರ್ಷ ಗೆನ್.

ಮನೆಯವರು ಬೆಂಕಿಗೆ ಸಿಲುಕುವಾಗ ಗೆನ್ ಅಲ್ಲೇ ನಿಂತು ನೋಡುತ್ತಾನೆ. ನಿಜಕ್ಕೂ ನಕಜಾವಾ ಅಲ್ಲಿರಲಿಲ್ಲ, ಅಮ್ಮ ಹೇಳಿದ್ದನ್ನು ಕೇಳಿದವರು. ತಾವು ಇಲ್ಲದ ಜಾಗದಲ್ಲಿ ಆ ಹುಡುಗನನ್ನು ನಿಲ್ಲಿಸಿದ್ದಾರೆ. ಆ ಪುಟಗಳನ್ನು ಒಂದೇ ಸಲಕ್ಕೆ ಓದಲು ನನ್ನಿಂದ ಆಗಲಿಲ್ಲ.

2012ರಲ್ಲಿ ಅವರು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. 2023ರಲ್ಲಿ ಸ್ವತಃ ಹಿರೋಶಿಮಾ ನಗರದ ಶಿಕ್ಷಣ ಮಂಡಳಿಯೇ ಗೆನ್‌ನನ್ನು ಶಾಂತಿ ಪಾಠಗಳಿಂದ ಕೈಬಿಟ್ಟಿತು. ಅಮ್ಮನಿಗಾಗಿ ಅವನು ಯಾರದೋ ಕೊಳದ ಮೀನು ಕದಿಯುವ ದೃಶ್ಯವನ್ನು ಮಕ್ಕಳು ತಪ್ಪಾಗಿ ತಿಳಿಯಬಹುದಂತೆ! ಹತ್ತು ಸಂಪುಟಗಳಲ್ಲಿ ನಾನು ಓದಿರುವುದು ನಾಲ್ಕು. ಐದನೆಯದು ಇಂಟರ್ನಲ್ಸ್ ಮುಗಿದ ಮೇಲೆ.