ನಿಮ್ಮ ಫೋನಿನ ಎಸ್‌ಎಆರ್ ಎಷ್ಟು?

ಫೋನ್ ಕೈಯಲ್ಲೇ ಇದೆಯಲ್ಲ? *#07# ಡಯಲ್ ಮಾಡಿ. ಹೆಚ್ಚಿನ ಫೋನ್‌ಗಳಲ್ಲಿ ಎಸ್‌ಎಆರ್ ಮಾಹಿತಿ ಸಿಗುತ್ತದೆ: ಫೋನಿನ ರೇಡಿಯೊ ಅಲೆಗಳಿಂದ ನಮ್ಮ ದೇಹ ಹೀರಿಕೊಳ್ಳುವ ಶಕ್ತಿಯ ಅಳತೆ ಅದು.

ಅಳೆಯೋದು ಹೇಗೆ? ಮನುಷ್ಯನ ತಲೆಯಾಕಾರದ ಅಚ್ಚಿನೊಳಗೆ, ಅಂಗಾಂಶದಂತೆ ಅಲೆ ಹೀರುವ ದ್ರವ ತುಂಬುತ್ತಾರೆ. ಅದರ ಕಿವಿಗೆ ಫೋನ್ ಹಿಡಿಸಿ, ಪೂರ್ತಿ ಶಕ್ತಿಯಲ್ಲಿ ಅಲೆ ಹೊಮ್ಮಿಸುತ್ತಾರೆ. ದ್ರವದೊಳಗೆ ಓಡಾಡುವ ಪುಟ್ಟ ಪ್ರೋಬ್, ಎಲ್ಲಿ ಎಷ್ಟು ಶಕ್ತಿ ಇಳಿಯಿತೆಂದು ಹೇಳುತ್ತದೆ.

ಭಾರತದಲ್ಲಿ 2012ರಿಂದ ಇದರ ಮಿತಿ ಕೆ.ಜಿ.ಗೆ 1.6 ವ್ಯಾಟ್. ಲೆಕ್ಕ ಹಾಕುವುದು ಒಂದೊಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಅಂಗಾಂಶ ಹೆಚ್ಚು ಬಿಸಿಯಾಗದಿರಲಿ ಎಂಬುದೇ ಉದ್ದೇಶ.

ನೆನಪಿಡಿ: ಸಿಗ್ನಲ್ ಕುಗ್ಗಿದಷ್ಟೂ ಫೋನ್ ಹೆಚ್ಚು ಶಕ್ತಿ ಬಳಸುತ್ತದೆ. ಆಗ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ. ಕಿವಿಯಿಂದ ಒಂದು ಗೇಣು ದೂರ ಇಟ್ಟರೂ ವ್ಯತ್ಯಾಸ ದೊಡ್ಡದು.