ನಿಮಗಿದು ಗೊತ್ತೇ? ಕಪ್ ಒಬ್ಬರದು, ತಕರಾರು ಹತ್ತು ಜನರದು

ಸಂಜೆ ಹೊತ್ತು ವಾಮಂಜೂರು ಜಂಕ್ಷನ್‌ನಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ನಡುವೆ ಫುಟ್‌ಬಾಲ್ ಮಾತು ಶುರುವಾದರೆ ಬಸ್ಸು ಬಂದು ಹೋದದ್ದೂ ಗೊತ್ತಾಗುವುದಿಲ್ಲ. ಬೆಂಗಳೂರು ಕಡೆಯವರದು ಒಂದು ಪಂಗಡ, ಕಾಸರಗೋಡು–ಕಣ್ಣೂರಿನಿಂದ ಬಂದವರದು ಇನ್ನೊಂದು. ಮಂಗಳೂರಿನವರಿಗೆ ಎರಡೂ ಕಡೆ ಸ್ನೇಹಿತರಿರುವುದರಿಂದ ಅವರ ಪಾಡು ಕಷ್ಟ. ಜಗಳ ನಿನ್ನೆ ಮೊನ್ನೆಯ ಪಂದ್ಯದ್ದಲ್ಲ, ಯಾವತ್ತೋ ಮುಗಿದ ಸೀಸನ್‌ದು. "ಕಪ್ ಅವರಿಗೆ ಹೋಯಿತು ಸರಿ. ಆದರೆ ಹೋಗಬೇಕಿದ್ದದ್ದು ಯಾರಿಗೆ ಮಾರಾಯ?" ಅಂಥ ಜಗಳಕ್ಕೆ ಬೇಕಾದ ಸರಕು ಇಲ್ಲಿದೆ. ಯಾವ ಪಂಗಡದವರು ಬೇಕಾದರೂ ಬಳಸಿಕೊಳ್ಳಬಹುದು.

● ತಿರುವೈಲಿನ ಜೋಡುಕರೆ ಕಂಬಳ ಕಂಡ ವಾಮಂಜೂರಿಗೆ ಗೆದ್ದವರು ಯಾರು ಎಂಬ ತಕರಾರು ಹೊಸತೇನಲ್ಲ. ಕಂಬಳದ ಕನೆಹಲಗೆ ವಿಭಾಗದಲ್ಲಿ ಜಗಳಕ್ಕೆ ಜಾಗವೇ ಕಡಿಮೆ ಎಂಬುದು ನಿಮಗೆ ಗೊತ್ತೇ? ಅಲ್ಲಿ ಎದುರಾಳಿ ಇಲ್ಲ. ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಕೋಲಿನ ನಿಶಾನೆಗೋ ಏಳೂವರೆ ಕೋಲಿನ ನಿಶಾನೆಗೋ ತಾಗಿತೇ ಇಲ್ಲವೇ, ಅಷ್ಟೇ ಲೆಕ್ಕ. ಹಗ್ಗ, ನೇಗಿಲು ವಿಭಾಗಗಳ ಕಥೆ ಬೇರೆ. ಓಟದ ಕೊನೆಯ ಮಂಜೊಟ್ಟಿಗೆ ಯಾವ ಕೋಣಗಳ ಜೋಡಿ ಮೊದಲು ಮುಟ್ಟಿತು ಎಂದು ಗಲಾಟೆ ಎದ್ದೂ ಎದ್ದೂ, ಈಗ ಲೇಸರ್ ಬೀಮ್ ಬಂದಿದೆ, ವಿಡಿಯೊ ನೋಡಿ ತೀರ್ಪು ಕೊಡುವ ಪದ್ಧತಿ ಬಂದಿದೆ. ಫುಟ್‌ಬಾಲ್‌ನಲ್ಲೂ ಆದದ್ದು ಇದೇ. ಅಲ್ಲಿನ ನಿಯಮಗಳಲ್ಲಿ ಅರ್ಧಕ್ಕರ್ಧ ಹಿಂದಿನ ಯಾವುದೋ ಜಗಳದಿಂದ ಹುಟ್ಟಿದವು.

● 2017–18ರ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಲೀಗ್ ಹಂತದಲ್ಲಿ ಎರಡನೇ ಸ್ಥಾನದ ತಂಡಕ್ಕಿಂತ ಬೆಂಗಳೂರು ಎಫ್‌ಸಿ ಎಷ್ಟು ಅಂಕ ಮುಂದಿತ್ತು ಗೊತ್ತೇ? ಎಂಟು! 18 ಪಂದ್ಯಗಳಲ್ಲಿ 13 ಗೆಲುವು, 40 ಅಂಕ. ಚೆನ್ನೈಯಿನ್‌ಗೆ 32. ಬಹುತೇಕ ದೇಶಗಳ ಲೀಗ್ ಆಗಿದ್ದರೆ ಅಲ್ಲಿಗೇ ಪಟಾಕಿ ಹೊಡೆದು ಮನೆಗೆ ಹೋಗಬಹುದಿತ್ತು. ಆದರೆ ಆಗ ಐಎಸ್‌ಎಲ್‌ನಲ್ಲಿ ಪ್ಲೇಆಫ್ ಇತ್ತು. 2018ರ ಮಾರ್ಚ್ 17ರಂದು ಫೈನಲ್ ನಡೆದದ್ದೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ. ಒಂಬತ್ತನೇ ನಿಮಿಷಕ್ಕೆ ಉದಾಂತ ಸಿಂಗ್ ಬಲಗಡೆಯಿಂದ ಕೊಟ್ಟ ಕ್ರಾಸ್‌ಗೆ ಸುನಿಲ್ ಛೆಟ್ರಿ ನೆಲಮಟ್ಟಕ್ಕೆ ಹಾರಿ ತಲೆಕೊಟ್ಟರು, ಗೋಲು. ಆಮೇಲೆ ಎರಡು ಕಾರ್ನರ್, ಎರಡಕ್ಕೂ ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಅವರ ತಲೆ. ವಿರಾಮಕ್ಕೆ 2–1. 67ನೇ ನಿಮಿಷದಲ್ಲಿ ರಫೇಲ್ ಅಗಸ್ಟೊ ಮೂರನೆಯದು ಹೊಡೆದರು. ಹೆಚ್ಚುವರಿ ನಿಮಿಷಗಳಲ್ಲಿ ಮಿಕು ಒಂದು ತೀರಿಸಿದರೂ ಹೊತ್ತು ಮೀರಿತ್ತು. ಕೊನೆಗೆ 3–2, ಕಪ್ ಚೆನ್ನೈಗೆ.

ನನ್ನನ್ನು ಕೇಳಿದರೆ ಆ ವರ್ಷದ ಒಳ್ಳೆಯ ತಂಡ ಬೆಂಗಳೂರು, ಚಾಂಪಿಯನ್ ಚೆನ್ನೈಯಿನ್. ಇವೆರಡೂ ಒಂದೇ ಆಗಿರಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಒಂದೇ ಸಂಜೆಯಲ್ಲಿ ಎರಡು ಕಾರ್ನರ್ ಕಾಯಲಾಗದ ತಂಡಕ್ಕೆ ಅಂಕಪಟ್ಟಿ ತೋರಿಸಿ ಅಳುವ ಹಕ್ಕಿದೆ, ಕಪ್ ಕೇಳುವ ಹಕ್ಕಿಲ್ಲ.

● ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದೇ, ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಐಎಸ್‌ಎಲ್ ಕಪ್ ತಂದಿತು. ಲೀಗ್ ಪಟ್ಟಿಯಲ್ಲಿ ಮೊದಲಿದ್ದು ಕಪ್ಪನ್ನೂ ಗೆದ್ದ ಮೊದಲ ತಂಡ ಅದು. ಆದರೆ ಅಲ್ಲೂ ಒಂದು ಕೊಕ್ಕೆ ಇದೆ. ಲೀಗ್‌ನಲ್ಲಿ ಎರಡೂ ತಂಡಗಳಿಗೆ 34 ಅಂಕ, ಗೋಲುಗಳ ಅಂತರ ನೋಡಿದರೆ ಗೋವಾವೇ ಮುಂದು. ಪರಸ್ಪರ ಆಡಿದ ಎರಡೂ ಪಂದ್ಯಗಳನ್ನು ಗೆದ್ದಿದ್ದರಿಂದ ಬೆಂಗಳೂರಿಗೆ ಮೇಲಿನ ಸ್ಥಾನ ಸಿಕ್ಕಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಾದರೆ ಮೊದಲು ನೋಡುವುದು ಗೋಲುಗಳ ಅಂತರವನ್ನೇ, 2012ರಲ್ಲಿ ಮ್ಯಾಂಚೆಸ್ಟರ್ ಸಿಟಿ ಗೆದ್ದದ್ದೂ ಹಾಗೆಯೇ.

● ಪಟ್ಟಿಯಲ್ಲಿ ಮೊದಲು ಬಂದವರಿಗೆ ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಡವೇ? ಆ ಪ್ರಶ್ನೆಗೆ ಉತ್ತರವೇ ಲೀಗ್ ವಿನ್ನರ್ಸ್ ಶೀಲ್ಡ್. 2019–20ರಲ್ಲಿ ಶುರುವಾಯಿತು, ಮೊದಲು ಪಡೆದದ್ದು ಎಫ್‌ಸಿ ಗೋವಾ. ಜತೆಗೆ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಗುಂಪು ಹಂತಕ್ಕೆ ಟಿಕೆಟ್ಟು. ಜಗಳ ಮುಗಿಯಿತೇ? ಎರಡಾಯಿತು! 2024ರ ಏಪ್ರಿಲ್‌ನಲ್ಲಿ ಕೊನೆಯ ಲೀಗ್ ಪಂದ್ಯದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಮೋಹನ್ ಬಾಗಾನ್ ಶೀಲ್ಡ್ ಎತ್ತಿಕೊಂಡಿತು. ಮುಂದಿನ ತಿಂಗಳು ಅದೇ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮುಂಬೈ 3–1ರಿಂದ ಬಾಗಾನನ್ನು ಸೋಲಿಸಿ ಕಪ್ ಒಯ್ದಿತು. ಆ ವರ್ಷದ ಚಾಂಪಿಯನ್ ಯಾರು ಎಂದು ಇಬ್ಬರನ್ನು ಕೇಳಿದರೆ ಎರಡು ಉತ್ತರ ಸಿಗುತ್ತದೆ, ಎರಡೂ ಸರಿ.

● ಫೈನಲ್ ಎಂಬುದೇ ಇಲ್ಲದ ಲೀಗ್‌ನಲ್ಲೂ ಫೈನಲ್ ನಡೆದದ್ದುಂಟು. 2015ರ ಮೇ 31, ಐ–ಲೀಗ್‌ನ ಕೊನೆಯ ದಿನ, ಕಂಠೀರವದಲ್ಲಿ ಮಳೆ. ಬೆಂಗಳೂರು ಗೆದ್ದರೆ ಬೆಂಗಳೂರು ಚಾಂಪಿಯನ್, ಡ್ರಾ ಆದರೆ ಮೋಹನ್ ಬಾಗಾನ್. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು 86 ನಿಮಿಷದವರೆಗೂ ಮುಂದಿತ್ತು. 87ನೇ ನಿಮಿಷಕ್ಕೆ ಒಂದು ಕಾರ್ನರ್, ಬೆಲ್ಲೊ ರಜಾಕ್ ತಲೆ, 1–1. ಕಾರ್ನರ್‌ಗೂ ಬೆಂಗಳೂರಿಗೂ ಅದೇನೋ ಹಳೆಯ ವೈರ. ಬಾಗಾನ್‌ಗೆ 39 ಅಂಕ, ಬೆಂಗಳೂರಿಗೆ 37. ಹದಿಮೂರು ವರ್ಷಗಳ ಬಳಿಕ ರಾಷ್ಟ್ರೀಯ ಲೀಗ್ ಬಾಗಾನ್‌ಗೆ ಮರಳಿತು.

● ಈಗ ಜಂಕ್ಷನ್‌ನ ಮುಖ್ಯ ಜಗಳಕ್ಕೆ ಬರೋಣ. 2023ರ ಮಾರ್ಚ್ 3, ಕಂಠೀರವ, ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ ಆರಂಭದಲ್ಲೇ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟಿರಲಿಲ್ಲ, ಗೋಲ್‌ಕೀಪರ್ ಜಾಗದಲ್ಲಿರಲಿಲ್ಲ. ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿಯೇಬಿಟ್ಟರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಮೈದಾನ ಬಿಟ್ಟು ಹೊರಟರು. ಪಂದ್ಯ ಬೆಂಗಳೂರಿಗೆ ಸಂದಿತು. ಆಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಬ್ಲಾಸ್ಟರ್ಸ್‌ಗೆ ಹಾಕಿದ ದಂಡ 4 ಕೋಟಿ ರೂಪಾಯಿ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ.

ನಿಯಮ ಏನು ಹೇಳುತ್ತದೆ ಎಂಬುದು ಎರಡೂ ಪಂಗಡಗಳಿಗೆ ಅರ್ಧ ಮಾತ್ರ ಗೊತ್ತು. ಎದುರಾಳಿ 9.15 ಮೀಟರ್ ದೂರ ನಿಲ್ಲಬೇಕು, ನಿಜ. ಆದರೆ ಅವರು ಹಿಂದೆ ಸರಿಯುವವರೆಗೆ ಒದೆಯುವವನು ಕಾಯಬೇಕೆಂದಿಲ್ಲ. ಬೇಕಿದ್ದರೆ ತಕ್ಷಣ ಒದೆಯಬಹುದು, ಸೀಟಿಯೂ ಬೇಕಿಲ್ಲ. "ಸೀಟಿ ಊದಿದ ಮೇಲೆಯೇ ಒದೆ" ಎಂದು ರೆಫರಿ ಸೂಚಿಸಿದ್ದರೆ ಮಾತ್ರ ಕಾಯಬೇಕು. ಹಾಗಾಗಿ ಬ್ಲಾಸ್ಟರ್ಸ್ ಅಭಿಮಾನಿಗಳಾದ ಮಂಜಪ್ಪಡದವರು ಕೇಳಬೇಕಾದ ಪ್ರಶ್ನೆ "ಸೀಟಿ ಎಲ್ಲಿ?" ಎಂದಲ್ಲ, "ರೆಫರಿ ಮೊದಲೇ ತಡೆದಿದ್ದರೇ?" ಎಂದು. ಬೆಂಗಳೂರಿನ ಅಭಿಮಾನಿಗಳಾದ ಕಂಠೀರವದ ವೆಸ್ಟ್ ಬ್ಲಾಕ್‌ನವರು ಹೆಚ್ಚು ಬೀಗುವುದೂ ಬೇಡ. ಆ ಸೀಸನ್ನಿನ ಶೀಲ್ಡ್ ಮುಂಬೈಗೆ ಹೋಯಿತು, ಫೈನಲ್‌ನಲ್ಲಿ 2–2ರ ಬಳಿಕ ಪೆನಾಲ್ಟಿಯಲ್ಲಿ ಬೆಂಗಳೂರು ಬಾಗಾನ್‌ಗೆ ಶರಣಾಯಿತು. ಇಷ್ಟೆಲ್ಲ ಗಲಾಟೆಯ ಎರಡೂ ಪಕ್ಷಗಳಿಗೆ ಕೊನೆಗೆ ಸಿಕ್ಕಿದ್ದು ಸೊನ್ನೆ.

● ಪೆನಾಲ್ಟಿ ಷೂಟೌಟ್ ಫುಟ್‌ಬಾಲ್ ನಿಯಮಕ್ಕೆ ಸೇರಿದ್ದು 1970ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ಯುರೋಪ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟ ಸಮಬಲವಾದಾಗ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ನಾಣ್ಯ ಇಟಲಿಯ ಕಡೆ ಬಿತ್ತು. ಇಟಲಿ ಕಪ್ಪನ್ನೂ ಗೆದ್ದಿತು, ಅದೂ ಫೈನಲ್ ಡ್ರಾ ಆಗಿ ಮರುಪಂದ್ಯ ಆಡಿದ ಮೇಲೆ.

● ನಮ್ಮ ಸಂತೋಷ್ ಟ್ರೋಫಿಯಲ್ಲೂ ಆಗ ಮರುಪಂದ್ಯದ್ದೇ ಕಾಲ. ಮೈಸೂರು ರಾಜ್ಯದ ಹೆಸರಲ್ಲಿ ಆಡಿ 1946–47, 1952–53, 1967–68, 1968–69ರಲ್ಲಿ ನಾವು ಗೆದ್ದೆವು. ಕರ್ನಾಟಕವೆಂಬ ಹೆಸರಿನಲ್ಲಿ ಗೆಲ್ಲಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಮೇಘಾಲಯವನ್ನು 3–2ರಿಂದ ಸೋಲಿಸಿದ್ದು ಬೆಂಗಳೂರಿನಲ್ಲಲ್ಲ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಛೆಟ್ರಿಯ ಫ್ರೀಕಿಕ್ಕಿನ ಮಾರನೇ ದಿನ! ರಾಜ್ಯವಿಡೀ ಆ ಫ್ರೀಕಿಕ್ಕಿನ ಚರ್ಚೆಯಲ್ಲಿ ಮುಳುಗಿತ್ತು. ಯಾರೂ ತಕರಾರು ಎತ್ತಲಾಗದ ಗೆಲುವಿನ ಬಗ್ಗೆ ಮಾತಾಡುವವರೇ ಕಡಿಮೆಯಾದರು.

● ಒಂದೇ ಕಪ್ಪಿಗೆ ಇಬ್ಬರು ಒಡೆಯರು? 1978 ಮತ್ತು 1980ರ ಫೆಡರೇಷನ್ ಕಪ್ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಇಬ್ಬರಿಗೂ ಸೇರಿತು. 1982–83ರ ಸಂತೋಷ್ ಟ್ರೋಫಿ ಬಂಗಾಳ, ಗೋವಾ ಇಬ್ಬರಿಗೂ. ಅಂದಹಾಗೆ, 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಬೆಂಗಳೂರಿನ ಐಟಿಐ ಕಾರ್ಖಾನೆಯ ತಂಡ. ಅವರು ಫೈನಲ್‌ನಲ್ಲಿ ಸೋಲಿಸಿದ್ದು ಮೋಹನ್ ಬಾಗಾನನ್ನು.

● ಚಾಂಪಿಯನ್ ಯಾರೆಂದು ಸ್ವಿಟ್ಜರ್ಲೆಂಡಿನಲ್ಲಿ ತೀರ್ಮಾನವಾದ ಭಾರತೀಯ ಲೀಗ್ ಯಾವುದು? 2024–25ರ ಐ–ಲೀಗ್. ಪಟ್ಟಿಯ ಪ್ರಕಾರ ಚರ್ಚಿಲ್ ಬ್ರದರ್ಸ್‌ಗೆ 40 ಅಂಕ, ವಾರಾಣಸಿಯ ಇಂಟರ್ ಕಾಶಿಗೆ 39. ಆದರೆ ಜನವರಿಯಲ್ಲಿ ಕಾಶಿಯನ್ನು ಸೋಲಿಸಿದ್ದ ನಾಮಧಾರಿ ತಂಡ, ಹಳದಿ ಕಾರ್ಡುಗಳ ಲೆಕ್ಕದಲ್ಲಿ ಹೊರಗೆ ಕೂರಬೇಕಿದ್ದ ಆಟಗಾರನನ್ನು ಆಡಿಸಿತ್ತು. ಆ ಪಂದ್ಯದ ಮೂರು ಅಂಕ ಕಾಶಿಗೆ ಸೇರಬೇಕೇ ಬೇಡವೇ? ಎಐಎಫ್‌ಎಫ್‌ನ ಶಿಸ್ತು ಸಮಿತಿ ಸೇರಬೇಕೆಂದಿತು, ಮೇಲ್ಮನವಿ ಸಮಿತಿ ಬೇಡವೆಂದಿತು. ಚರ್ಚಿಲ್ ಕೈಗೆ ಕಪ್ಪೂ ಬಂತು. ಕೊನೆಗೆ 2025ರ ಜುಲೈ 18ರಂದು ಲೂಸಾನ್‌ನ ಕ್ರೀಡಾ ನ್ಯಾಯಮಂಡಳಿ ಇಂಟರ್ ಕಾಶಿಯೇ ಚಾಂಪಿಯನ್ ಎಂದಿತು. ಒಂದು ಹಳದಿ ಕಾರ್ಡು ಎಣಿಸಲು ಮರೆತದ್ದಕ್ಕೆ ಇಷ್ಟು ದೂರ.

● ಕಾಲೇಜು ಮಟ್ಟದಲ್ಲೂ ಕಪ್ ಕೈತಪ್ಪುವುದು ಎಷ್ಟೋ ಸಲ ಕಾಗದದಿಂದಲೇ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ 17ರಿಂದ 25ರ ವಯಸ್ಸು, ಪೂರ್ಣಾವಧಿ ವಿದ್ಯಾರ್ಥಿ ಎಂಬುದಕ್ಕೆ ಪುರಾವೆ ಎಲ್ಲ ಬೇಕು. ಕೋಚ್‌ಗಿಂತ ಫೈಲು ಹಿಡಿದು ನಿಂತ ದೈಹಿಕ ಶಿಕ್ಷಣ ನಿರ್ದೇಶಕರಿಗೇ ಹೆಚ್ಚು ಎದೆಬಡಿತ. ಅಲ್ಲಿ ಬಳಸುವ 'ನಾಕೌಟ್ ಕಮ್ ಲೀಗ್' ಪದ್ಧತಿ ನನಗೆ ಐಎಸ್‌ಎಲ್‌ನ ಆ ಪ್ಲೇಆಫ್‌ಗಿಂತ ಹೆಚ್ಚು ಮೆಚ್ಚುಗೆ. ಸೋತವರು ಮನೆಗೆ ಹೋಗುತ್ತಾ ಹೋಗುತ್ತಾ ಉಳಿದ ನಾಲ್ಕು ತಂಡಗಳು ತಮ್ಮೊಳಗೆ ಲೀಗ್ ಆಡುತ್ತವೆ. ಕೊನೆಗೆ ಒಂದು ಕೆಟ್ಟ ಸಂಜೆಗೆ ಇಡೀ ಸೀಸನ್ ಬಲಿಯಾಗುವುದಿಲ್ಲ.

● ಕಾಲೇಜು ಫುಟ್‌ಬಾಲ್ ಚಾಂಪಿಯನ್ ಯಾರೆಂಬ ಜಗಳದಲ್ಲಿ ಅಮೆರಿಕವನ್ನು ಮೀರಿಸುವವರಿಲ್ಲ. ಅವರ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆದರೆ 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಮೊದಲ ಪಂದ್ಯ ನಮ್ಮ ಫುಟ್‌ಬಾಲ್‌ಗೇ ಹತ್ತಿರವಿತ್ತು ಎಂಬುದು ಗೊತ್ತೇ? ಒಂದೊಂದು ಕಡೆ 25 ಜನ, ಚೆಂಡು ಹಿಡಿದು ಓಡುವಂತಿಲ್ಲ. ರಟ್ಗರ್ಸ್ 6–4ರಿಂದ ಗೆದ್ದಿತು. ಮುಂದಿನ ವಾರ ಪ್ರಿನ್ಸ್‌ಟನ್ 8–0ರಿಂದ ತೀರಿಸಿಕೊಂಡಿತು. ಮೂರನೇ ಪಂದ್ಯ ನಡೆಯಲೇ ಇಲ್ಲ. ಆ ವರ್ಷದ ಚಾಂಪಿಯನ್ ಯಾರು? ಜಗಳ ಮೊದಲ ಸೀಸನ್‌ನಿಂದಲೇ ಶುರು.

● ಅಲ್ಲಿ ದಶಕಗಳ ಕಾಲ ಚಾಂಪಿಯನ್‌ನನ್ನು ಆರಿಸಿದ್ದು ಮೈದಾನವಲ್ಲ, ಮತದಾನ. 1936ರಿಂದ ಎಪಿ ಸುದ್ದಿಸಂಸ್ಥೆಯ ಪಟ್ಟಿಗೆ ಕ್ರೀಡಾ ಪತ್ರಕರ್ತರು ಮತ ಹಾಕುತ್ತಿದ್ದರು, 1950ರಿಂದ ಇನ್ನೊಂದು ಪಟ್ಟಿಗೆ ಕೋಚ್‌ಗಳು. 1973ರಲ್ಲಿ ಕೋಚ್‌ಗಳು ಅಲಬಾಮಾ ಚಾಂಪಿಯನ್ ಎಂದು ಮುಂಚೆಯೇ ಮತ ಹಾಕಿ ಕುಳಿತರು. ವರ್ಷದ ಕೊನೆಯ ದಿನ ಅಲಬಾಮಾ ನಾಟರ್ ಡೇಮ್‌ಗೆ 24–23ರಿಂದ ಸೋತಿತು. ಮರುವರ್ಷದಿಂದ ಕೋಚ್‌ಗಳು ಕೊನೆಯ ಪಂದ್ಯ ಮುಗಿದ ಮೇಲೆ ಮತ ಹಾಕತೊಡಗಿದರು. 2003ರಲ್ಲಿ ಎರಡೂ ಮತಪಟ್ಟಿಗಳಲ್ಲಿ ಮೊದಲಿದ್ದ ಸದರ್ನ್ ಕ್ಯಾಲಿಫೋರ್ನಿಯಾ, ಕಂಪ್ಯೂಟರ್ ಲೆಕ್ಕ ಸೇರಿದಾಗ ಮೂರನೆಯದಾಗಿ ಫೈನಲ್‌ನಿಂದ ಹೊರಬಿತ್ತು. ಫೈನಲ್ ಗೆದ್ದ ಲೂಸಿಯಾನಾ ಸ್ಟೇಟ್ ಒಂದು ಚಾಂಪಿಯನ್, ಪತ್ರಕರ್ತರ ಪಾಲಿಗೆ ಸದರ್ನ್ ಕ್ಯಾಲಿಫೋರ್ನಿಯಾ ಇನ್ನೊಂದು. ಫೈನಲ್ ಗೆದ್ದ ತಂಡಕ್ಕೇ ಮತ ಹಾಕುತ್ತೇವೆಂದು ಕೋಚ್‌ಗಳು ಒಪ್ಪಿದ್ದರೂ, ಮೂವರು ಮಾತ್ರ ಮಾತು ಮುರಿದರು.

● 2017ರಲ್ಲಿ ಸೆಂಟ್ರಲ್ ಫ್ಲಾರಿಡಾ 13 ಪಂದ್ಯ ಆಡಿ 13ನ್ನೂ ಗೆದ್ದಿತು. ಅದಕ್ಕೆ ಕೊನೆಯಲ್ಲಿ ಸೋತ ಆಬರ್ನ್, ಅದೇ ಸೀಸನ್‌ನಲ್ಲಿ ಫೈನಲ್ ಆಡಿದ ಎರಡೂ ತಂಡಗಳನ್ನು ಸೋಲಿಸಿತ್ತು. ಆದರೂ ನಾಲ್ಕು ತಂಡಗಳ ಪ್ಲೇಆಫ್‌ಗೆ ಸೆಂಟ್ರಲ್ ಫ್ಲಾರಿಡಾವನ್ನು ಯಾರೂ ಕರೆಯಲಿಲ್ಲ. ಅವರು ಏನು ಮಾಡಿದರು? ತಾವೇ ರಾಷ್ಟ್ರೀಯ ಚಾಂಪಿಯನ್ ಎಂದು ಘೋಷಿಸಿಕೊಂಡು ಮೆರವಣಿಗೆ ನಡೆಸಿ, ಕ್ರೀಡಾಂಗಣದಲ್ಲಿ ಬ್ಯಾನರ್ ಏರಿಸಿದರು. ಇದು ಉದ್ಧಟತನ ಎನ್ನುವವರು 1941ರ ಅಲಬಾಮಾವನ್ನೂ ನೋಡಬೇಕು. ಎರಡು ಪಂದ್ಯ ಸೋತು, ಎಪಿ ಪಟ್ಟಿಯಲ್ಲಿ 20ನೇ ಸ್ಥಾನದಲ್ಲಿದ್ದ ಆ ವರ್ಷವನ್ನೂ ಅಲಬಾಮಾ ತನ್ನ ಚಾಂಪಿಯನ್ ವರ್ಷಗಳ ಲೆಕ್ಕಕ್ಕೆ ಸೇರಿಸಿಕೊಂಡಿದೆ.

● 2024ರಲ್ಲಿ ಅಮೆರಿಕನ್ನರು ಪ್ಲೇಆಫ್‌ಗೆ ನಾಲ್ಕರ ಬದಲು 12 ತಂಡ ತೆಗೆದುಕೊಂಡರು, ಇನ್ನು ತಕರಾರು ಬೇಡವೆಂದು. ಒಂದೂ ಸೋಲದೆ ಬಂದ ಒರೆಗಾನ್ ಆಡಿದ ಮೊದಲ ಪ್ಲೇಆಫ್ ಪಂದ್ಯದಲ್ಲೇ ಒಹಾಯೊ ಸ್ಟೇಟ್‌ಗೆ 41–21ರಿಂದ ಸೋತಿತು. ಕೊನೆಗೆ ಕಪ್ ಗೆದ್ದದ್ದೂ ಒಹಾಯೊ ಸ್ಟೇಟ್. ಅದೇ ಒಹಾಯೊ ಸ್ಟೇಟ್ ಲೀಗ್ ಹಂತದಲ್ಲಿ ಒರೆಗಾನ್‌ಗೆ ಒಂದು ಅಂಕದಿಂದ ಸೋತಿತ್ತು. ತನ್ನ ಮನೆಯಂಗಳದಲ್ಲೇ ಮಿಶಿಗನ್‌ಗೆ 13–10ರಿಂದ ಸೋತಿತ್ತು. ಆ ಮಿಶಿಗನ್ 12 ತಂಡಗಳ ಪಟ್ಟಿಯಲ್ಲೇ ಇರಲಿಲ್ಲ.