ಮುಯ್ಯಿ ಪುಸ್ತಕದ ಮುಂದೆ

ಪಿರಿಯಾಪಟ್ಟಣದ ಕಡೆ ನೆಂಟರ ಮದುವೆಗಳಲ್ಲಿ ಮುಯ್ಯಿ ಬರೆಯಲು ನನ್ನನ್ನು ಕೂರಿಸುವುದುಂಟು. ಊರು, ಹೆಸರು, ಮೊತ್ತ. ಬರುವವರು ಹಳೇ ಪುಸ್ತಕ ನೋಡಿಕೊಂಡೇ ಬಂದಿರುತ್ತಾರೆ. ತಮ್ಮ ಮನೆಗೆ ಬಂದಿದ್ದಕ್ಕಿಂತ ನೂರು ರೂಪಾಯಿಯಾದರೂ ಹೆಚ್ಚು ಹಾಕಬೇಕು. ಕಡಿಮೆಯಾದರೆ ನಾಲ್ಕು ಜನರ ಮುಂದೆ ತಲೆ ಎತ್ತುವ ಹಾಗಿಲ್ಲ.

ಕೊರಿಯನ್ನರಲ್ಲಿ ಇದೇ ಚೆಮ್ಯೋನ್: ಸ್ಥಾನಕ್ಕೆ ತಕ್ಕಂತೆ ಜನರೆದುರು ಕಾಯ್ದುಕೊಳ್ಳಬೇಕಾದ ಮರ್ಯಾದೆ. ಅಲ್ಲೂ ಮದುವೆಗೆ ಲಕೋಟೆಯಲ್ಲಿ ಹಣ, ಬಾಗಿಲಲ್ಲೇ ಲೆಕ್ಕ. ದಕ್ಷಿಣ ಕೊರಿಯಾದಲ್ಲಿ 2016ರಲ್ಲಿ ಜಾರಿಯಾದ ಲಂಚ ತಡೆ ಕಾನೂನು ಸರ್ಕಾರಿ ನೌಕರರು ಪಡೆಯುವ ಇಂಥ ಹಣಕ್ಕೆ 1 ಲಕ್ಷ ವಾನ್ ಮಿತಿ ಹಾಕಿತು. 2018ರಲ್ಲಿ ಅದು 50 ಸಾವಿರಕ್ಕಿಳಿಯಿತು.

ಮುಯ್ಯಿ ಕೆಟ್ಟದ್ದಲ್ಲ. ಬಡ್ಡಿಯಿಲ್ಲದೆ ಊರೇ ಕೊಡುವ ಕೈಸಾಲ ಅದು. ಎಷ್ಟೋ ಹೆಣ್ಣುಮಕ್ಕಳ ಮದುವೆ ಅದರಿಂದಲೇ ದಾಟಿದೆ. ಕಷ್ಟವಿರುವುದು ಮರ್ಯಾದೆಯ ಭಯದಲ್ಲಿ. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜಿನಲ್ಲಿ ಸೊಪ್ಪಿನ ಬೇಲ್‌ಗೆ ಬೆಲೆ ಬಿದ್ದ ವರ್ಷವೂ ಮದುವೆ ಛತ್ರದಲ್ಲೇ ಆಗಬೇಕು, ಬೀಗರೂಟದಲ್ಲಿ ಬಾಡು ಸಾಲದೆ ಬರಬಾರದು. ಕೆ.ಆರ್. ನಗರದ ಭತ್ತದ ಬಯಲಿನಲ್ಲೂ ಇದೇ ಕಥೆ. ಹೊಗೆಸೊಪ್ಪು ಬೇಯಿಸಲು ಸೌದೆಗೆ ತಂದ ಸಾಲದ ಮೇಲೆ ಮದುವೆ ಸಾಲ ಕೂರುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಬಾರದೇ ಉಳಿದವರು. ಮುಯ್ಯಿಗೆ ಹಣ ಹೊಂದಿಸಲಾಗದೆ, "ಮೈಗೆ ಹುಷಾರಿಲ್ಲ" ಎಂದು ಒಡಹುಟ್ಟಿದವರ ಮನೆಯ ಮದುವೆಗೇ ಬಾರದವರನ್ನು ಬಲ್ಲೆ. ಮೊತ್ತವನ್ನು ಎಲ್ಲರೆದುರು ಕೂಗಿ ಬರೆಸುವುದನ್ನಾದರೂ ನಿಲ್ಲಿಸೋಣ, ಮುಚ್ಚಿದ ಕವರ್ ಸಾಕು ಎಂದು ನಮ್ಮ ಹಿರಿಯರಲ್ಲಿ ಕೇಳುತ್ತಲೇ ಇದ್ದೇನೆ.